ಮತದಾನದ ದಿನ ಮುಚ್ಚುವ ಪಡಖಾನೆ

ಚುನಾವಣೆ ಬಂದಾಗ ನಮ್ಮ ಊರುಗಳಲ್ಲಿ ಎರಡು ಬಾಗಿಲುಗಳ ಸ್ಥಿತಿ ಬದಲಾಗುತ್ತದೆ. ಪಾಠಶಾಲೆಯ ಬಾಗಿಲು ಮತಗಟ್ಟೆಗಾಗಿ ತೆರೆಯುತ್ತದೆ; ಪಡಖಾನೆಯ ಬಾಗಿಲಿಗೆ ಬೀಗ ಬೀಳುತ್ತದೆ. ಮೊದಲನೆಯದು ಏಕೆಂದು ಯಾರೂ ಕೇಳುವುದಿಲ್ಲ. ಎರಡನೆಯದು ಏಕೆಂಬುದು ತಮಗೆ ತಿಳಿದೇ ಇದೆಯೆಂದು ಎಲ್ಲರ ಎಣಿಕೆ: ಕುಡಿದವನು ಗಲಭೆ ಮಾಡುತ್ತಾನೆ, ಅಮಲಿನಲ್ಲಿ ವಿವೇಕ ಕೆಡುತ್ತದೆ, ಆದುದರಿಂದ ಸರ್ಕಾರ ಅಂಗಡಿ ಮುಚ್ಚಿಸುತ್ತದೆ. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಈ ನಿಯಮದ ಹಿಂದೆ ಮುನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಅದನ್ನು ಮೊದಲಿನಿಂದ ನೋಡುತ್ತ ಬಂದರೆ, ಶಾಸನಕರ್ತರು ಮೊದಲು ಅಂಜಿದ್ದು ಕುಡಿದವನಿಗಲ್ಲ, ಕುಡಿಸುವವನಿಗೆ ಎಂಬುದು ಗೋಚರವಾಗುತ್ತದೆ. ಮತಗಟ್ಟೆಯಲ್ಲಿ ಕರ್ತವ್ಯ ನಿರ್ವಹಿಸುವ ಉಪಾಧ್ಯಾಯರೂ, ನಾಳೆ ಮತದಾರರಾಗಲಿರುವ ವಿದ್ಯಾರ್ಥಿಗಳೂ ಈ ಭೇದವನ್ನು ಅರಿತಿರುವುದು ಒಳ್ಳೆಯದು.

ಮೊದಲು ನಮ್ಮ ದೇಶದಲ್ಲಿ ಇಂದು ಜಾರಿಯಲ್ಲಿರುವ ಶಾಸನವನ್ನೇ ನೋಡೋಣ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ತಿದ್ದುಪಡಿಯಾದಾಗ 135-ಸಿ ಎಂಬ ಹೊಸ ಪ್ರಕರಣವೊಂದು ಸೇರಿತು. ಮತದಾನ ಮುಗಿಯಲು ಗೊತ್ತುಮಾಡಿದ ಗಳಿಗೆಗೆ ಹಿಂದಿನ 48 ಗಂಟೆಗಳ ಕಾಲ, ಆ ಮತದಾನದ ಪ್ರದೇಶದೊಳಗೆ, ಹೋಟೆಲು, ಊಟದ ಮನೆ, ಪಡಖಾನೆ, ಅಂಗಡಿ ಅಥವಾ ಬೇರಾವುದೇ ಸಾರ್ವಜನಿಕ ಇಲ್ಲವೆ ಖಾಸಗಿ ಸ್ಥಳದಲ್ಲಿ ಮಾದಕ ಪಾನೀಯಗಳನ್ನು ಮಾರಬಾರದು, ಕೊಡಬಾರದು, ಹಂಚಬಾರದು ಎಂಬುದು ಅದರ ವಿಧಿ. ಸಂಜೆ 6 ಗಂಟೆಗೆ ಮತದಾನ ಮುಗಿಯುವುದಾದರೆ, ಎರಡು ದಿನ ಮುಂಚಿನ ಸಂಜೆ 6 ಗಂಟೆಗೆ ನಿಷೇಧ ಆರಂಭವಾಗುತ್ತದೆ. ಮೀರಿದವನಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಎರಡು ಸಾವಿರ ರೂಪಾಯಿಗಳವರೆಗಿನ ಜುಲ್ಮಾನೆ, ಅಥವಾ ಎರಡೂ. ಸಿಕ್ಕಿದ ಮದ್ಯ ಮುಟ್ಟುಗೋಲು.

ಈ ವಾಕ್ಯದಲ್ಲಿ ಮೂರು ಕ್ರಿಯಾಪದಗಳಿರುವುದನ್ನು ವಾಚಕರು ಗಮನಿಸಬೇಕು: ಮಾರುವುದು, ಕೊಡುವುದು, ಹಂಚುವುದು. ಜನರ ನೆನಪಿನಲ್ಲಿ ಉಳಿದಿರುವುದು ಮೊದಲನೆಯದೊಂದೇ. ಆದರೆ ಚರಿತ್ರೆಯಲ್ಲಿ ಹಿರಿಯವು ಉಳಿದೆರಡು; ಮಾರಾಟದ ನಿಷೇಧ ಅವುಗಳ ಬೆನ್ನಿಗೆ ಬಹುಕಾಲದ ಮೇಲೆ ಹುಟ್ಟಿದ ತಮ್ಮ.

ಇಂಗ್ಲೆಂಡಿನ ಪಾರ್ಲಿಮೆಂಟು 1696ರಲ್ಲಿ ಒಂದು ಕಾಯಿದೆ ಮಾಡಿತು. ಚುನಾವಣೆಯ ಆಜ್ಞಾಪತ್ರ ಹೊರಟ ಮೇಲೆ ಉಮೇದುವಾರನು ಮತದಾರರಿಗೆ ಅನ್ನ, ಪಾನ, ಮನರಂಜನೆ, ಹಣ, ಕಾಣಿಕೆ ಯಾವುದನ್ನೂ ಕೊಡಕೂಡದು. ಕೊಟ್ಟು ಗೆದ್ದವನು ಆ ಆಯ್ಕೆಯ ಬಲದಿಂದ ಸಭೆಯಲ್ಲಿ ಕೂಡಲು ಅನರ್ಹ ಎಂದು ಅದು ಸಾರಿತು. ಈ ಅಪರಾಧಕ್ಕೆ ಆ ದೇಶದವರು ಇಟ್ಟ ಹೆಸರು 'ಟ್ರೀಟಿಂಗ್'. ನಮ್ಮ ಮಾತಿನಲ್ಲಿ ಅದನ್ನು ಸತ್ಕಾರವೆನ್ನಬೇಕು. ಸತ್ಕಾರವೆಂಬುದು ಒಳ್ಳೆಯ ಶಬ್ದ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದನ್ನು ಧರ್ಮವೆಂದು ತಿಳಿದವರು ನಾವು. ಆ ಒಳ್ಳೆಯ ಹೆಸರಿನ ಮರೆಯಲ್ಲಿ ಬಂದುದರಿಂದಲೇ ಈ ಲಂಚ ಬಹುಕಾಲ ಲಂಚವೆಂದು ಕಾಣಿಸಲಿಲ್ಲ.

ಆ ಕಾಯಿದೆಯಲ್ಲಿ ಪಡಖಾನೆ ಮುಚ್ಚುವ ಮಾತಿರಲಿಲ್ಲ. ಕೊಡುವ ಕೈಯನ್ನು ಮಾತ್ರ ಅದು ಹಿಡಿಯಹೊರಟಿತು, ಹಿಡಿಯಲಾರದೆ ಹೋಯಿತು. ಆಜ್ಞಾಪತ್ರ ಹೊರಡುವುದಕ್ಕೆ ಮೊದಲು ಕೊಟ್ಟುದಕ್ಕೆ ಅದರ ಅಡ್ಡಿಯಿರಲಿಲ್ಲ. ದೂರು ಬಂದರೆ ವಿಚಾರಿಸುವವರು ಅದೇ ಸಭೆಯ ಸದಸ್ಯರು. ಅವರಲ್ಲಿ ಅನೇಕರು ಅದೇ ದಾರಿಯಿಂದ ಬಂದವರು. ಚುನಾವಣೆಯ ತಕರಾರುಗಳು ನ್ಯಾಯಾಧೀಶರ ಮುಂದೆ ಬರುವುದಕ್ಕೆ 1868ರವರೆಗೆ ಕಾಯಬೇಕಾಯಿತು. ಈ ನಡುವಣ ಕಾಲದ ಚಿತ್ರ ಬೇಕೆಂದರೆ ವಿಲಿಯಂ ಹೋಗಾರ್ತನೆಂಬ ಕಲಾವಿದನು ಆಕ್ಸ್‌ಫರ್ಡ್‌ಷೈರಿನ 1754ರ ಚುನಾವಣೆಯನ್ನು ಕಂಡು ಬರೆದ ನಾಲ್ಕು ಚಿತ್ರಗಳ ಮಾಲೆಯನ್ನು ನೋಡಬಹುದು. ಮೊದಲನೆಯ ಚಿತ್ರದಲ್ಲಿರುವುದು ಪಡಖಾನೆಯೊಳಗಿನ ಚುನಾವಣಾ ಔತಣ. ಪ್ರಜಾಪ್ರಭುತ್ವದ ತವರೆಂದು ನಾವು ಓದುವ ನಾಡಿನಲ್ಲಿ ಮತಯಾಚನೆ ಹೀಗೆ ನಡೆಯುತ್ತಿತ್ತು.

ಇಂಗ್ಲೆಂಡಿನ ವಸಾಹತಾಗಿದ್ದ ಅಮೆರಿಕದಲ್ಲಿಯೂ ಇದೇ ಪದ್ಧತಿ. 1758ನೆಯ ಜುಲೈ ತಿಂಗಳಿನಲ್ಲಿ ವರ್ಜೀನಿಯಾ ಪ್ರಾಂತದ ಶಾಸನಸಭೆಗೆ ಫ್ರೆಡರಿಕ್ ಕೌಂಟಿಯಿಂದ ಜಾರ್ಜ್ ವಾಷಿಂಗ್ಟನ್ ಉಮೇದುವಾರನಾಗಿ ನಿಂತನು. ಮುಂದೆ ಅಮೆರಿಕದ ಪ್ರಥಮಾಧ್ಯಕ್ಷನಾದ ಆತನೇ ಇವನು. ತಾನು ಸೈನ್ಯದ ಕೆಲಸದಲ್ಲಿ ದೂರವಿದ್ದನು. ಸ್ನೇಹಿತರು ಅವನ ಪರವಾಗಿ ಮತದಾರರನ್ನು ಉಪಚರಿಸಿದರು. ರಮ್, ಪಂಚ್, ದ್ರಾಕ್ಷಾರಸ, ಬಿಯರ್ ಎಲ್ಲ ಸೇರಿ ಸುಮಾರು 160 ಗ್ಯಾಲನ್ ಖರ್ಚಾಯಿತು. ಮತದಾರರು ನಾನೂರಕ್ಕೆ ತುಸು ಕಡಮೆ. ಎಂದರೆ ತಲೆಗೆ ಒಂದೂವರೆ ಲೀಟರು. ವಾಷಿಂಗ್ಟನ್ ಗೆದ್ದನು. ತನಗೆ ವಿರೋಧವಾಗಿ ಮತ ಹಾಕಿದವರಿಗೂ ಭೇದವೆಣಿಸದೆ ಉಪಚಾರ ನಡೆದಿರಲಿ, ಜಿಪುಣತನ ತೋರಿಸಿಲ್ಲವಷ್ಟೆ ಎಂಬ ಭಾವದ ಪತ್ರವನ್ನು ಆ ಬಳಿಕ ಅವನು ಸ್ನೇಹಿತನಿಗೆ ಬರೆದನು. ಇಂಥ ಸತ್ಕಾರವನ್ನು ನಿಷೇಧಿಸುವ ಶಾಸನ ವರ್ಜೀನಿಯಾದಲ್ಲಿ ಆಗಲೇ ಇತ್ತೆಂಬುದನ್ನು ನೆನೆದರೆ, ಕಾಗದದ ಮೇಲಣ ಕಾಯಿದೆಗೂ ಊರ ರೂಢಿಗೂ ಇದ್ದ ಅಂತರ ತಿಳಿಯುತ್ತದೆ.

ಆ ರೂಢಿಯನ್ನು ಎದುರಿಸಿದವನ ಗತಿ ಏನಾಯಿತೆಂಬುದಕ್ಕೂ ಅದೇ ಪ್ರಾಂತದಲ್ಲಿ ನಿದರ್ಶನವಿದೆ. 1777ರಲ್ಲಿ ಜೇಮ್ಸ್ ಮ್ಯಾಡಿಸನ್ ಆರೆಂಜ್ ಕೌಂಟಿಯಲ್ಲಿ ನಿಂತಾಗ, ಮತದಾರರಿಗೆ ಕುಡಿಸುವುದು ಗಣರಾಜ್ಯದ ತತ್ವಕ್ಕೆ ಸಲ್ಲದೆಂದು ಹಾಗೆ ಮಾಡಲು ಒಪ್ಪಲಿಲ್ಲ. ಜನರು ಅದನ್ನು ಅಹಂಕಾರವೆಂದೋ ಜಿಪುಣತನವೆಂದೋ ಎಣಿಸಿದರು. ಪಡಖಾನೆಯ ಒಡೆಯನೊಬ್ಬನೇ ಗೆದ್ದನು; ಮುಂದೆ ಅಮೆರಿಕದ ಸಂವಿಧಾನದ ಶಿಲ್ಪಿಯೆನಿಸಿದ ಮ್ಯಾಡಿಸನ್ ಸೋತನು.

ಈ ಎರಡು ಪ್ರಸಂಗಗಳಲ್ಲಿಯೂ ಮತದಾರರು ಅಮಲಿನಲ್ಲಿ ಬುದ್ಧಿಗೆಟ್ಟು ಮತ ಹಾಕಿದರೆನ್ನಲು ಕಾರಣವಿಲ್ಲ. ಅಲ್ಲಿ ಕೆಲಸಮಾಡಿದುದು ಬೇರೊಂದು ಶಕ್ತಿ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಉಪ್ಪಿನ ಋಣ. ಆಗ ವರ್ಜೀನಿಯಾದಲ್ಲಿ ಮತ ಗುಪ್ತವಾಗಿರಲಿಲ್ಲ. ಮತದಾರನು ಅಧಿಕಾರಿಯ ಮುಂದೆ ನಿಂತು, ತನ್ನ ಆಯ್ಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು; ಉಮೇದುವಾರನು ಅಲ್ಲಿಯೇ ಕುಳಿತಿದ್ದು ವಂದನೆ ಹೇಳುವನು. ಉಂಡ ಮನೆಯ ಯಜಮಾನನ ಮುಖ ನೋಡುತ್ತ ಬೇರೆಯವನ ಹೆಸರು ಹೇಳುವ ಎದೆ ಎಷ್ಟು ಜನರಿಗಿದ್ದೀತು? ಪಾನ ಅಲ್ಲಿ ಬುದ್ಧಿಯನ್ನು ಕೆಡಿಸುವ ಸಾಧನವಾಗಿರಲಿಲ್ಲ. ನಾಲಗೆಯನ್ನು ಕಟ್ಟುವ ಸಾಧನವಾಗಿತ್ತು.

ಆ ಕಟ್ಟನ್ನು ಬಿಚ್ಚಿದ್ದು ಗುಪ್ತ ಮತದಾನ. 1856ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯ ವಸಾಹತುಗಳಲ್ಲಿ ಅದು ಕಾಯಿದೆಯಾಗಿ, 1872ರಲ್ಲಿ ಇಂಗ್ಲೆಂಡಿಗೆ ಬಂತು. ಕುಡಿಸಿದವನಿಗೆ ತನ್ನ ಹಣಕ್ಕೆ ತಕ್ಕ ಫಲ ಸಿಕ್ಕಿತೋ ಇಲ್ಲವೋ ತಿಳಿಯದಂತಾಯಿತು. ಅನಂತರ 1883ರಲ್ಲಿ ಭ್ರಷ್ಟ ಮತ್ತು ಅಕ್ರಮ ಪದ್ಧತಿಗಳನ್ನು ತಡೆಯುವ ಕಾಯಿದೆ ಬಂದು, ಉಮೇದುವಾರನು ಮಾಡಬಹುದಾದ ಒಟ್ಟು ವೆಚ್ಚಕ್ಕೆ ಮಿತಿ ಹಾಕಿತು, ಲೆಕ್ಕ ಒಪ್ಪಿಸಬೇಕೆಂದು ವಿಧಿಸಿತು, ಮದ್ಯ ಮಾರುವ ಸ್ಥಳಗಳಲ್ಲಿ ಚುನಾವಣಾ ಕಚೇರಿ ತೆರೆಯಬಾರದೆಂದಿತು. 1880ರ ಮಹಾಚುನಾವಣೆಯಲ್ಲಿ ಉಮೇದುವಾರರು ಒಪ್ಪಿಸಿದ ಲೆಕ್ಕ ಸುಮಾರು 17 ಲಕ್ಷ ಪೌಂಡುಗಳಿದ್ದುದು, 1885ರಲ್ಲಿ ಮತದಾರರ ಸಂಖ್ಯೆ ಬಹಳವಾಗಿ ಹೆಚ್ಚಿದ್ದರೂ ಸುಮಾರು 10 ಲಕ್ಷಕ್ಕೆ ಇಳಿಯಿತು. ಗುಪ್ತ ಮತ, ವೆಚ್ಚದ ಮಿತಿ, ನ್ಯಾಯಾಲಯದ ವಿಚಾರಣೆ ಎಂಬ ಈ ಮೂರರ ಬಲದಿಂದ ಇಂಗ್ಲೆಂಡು ಸತ್ಕಾರದ ಪಿಡುಗನ್ನು ಹತ್ತಿಕ್ಕಿತು. ಇಂದು ಆ ದೇಶದಲ್ಲಿ ಮತದಾನದ ದಿನ ಪಡಖಾನೆ ಮುಚ್ಚುವುದಿಲ್ಲ. ಕೆಲವೆಡೆ ಪಡಖಾನೆಯ ಕೊಠಡಿಯೇ ಮತಗಟ್ಟೆಯಾಗುವುದೂ ಉಂಟು.

ಅಮೆರಿಕ ಹಿಡಿದ ದಾರಿ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ನಗರಗಳಲ್ಲಿ ಪಡಖಾನೆಯೆಂದರೆ ಪಕ್ಷದ ಕೇರಿಯ ಕಚೇರಿಯೇ ಆಗಿತ್ತು. ಮತದಾನ ಕೂಡ ಎಷ್ಟೋ ಕಡೆ ಅಲ್ಲಿಯೇ. ಅದರಿಂದ ಅನೇಕ ಸಂಸ್ಥಾನಗಳು ಮತದಾನದ ದಿನ ಮದ್ಯದಂಗಡಿ ಮುಚ್ಚಬೇಕೆಂಬ ಕಾಯಿದೆ ಮಾಡಿದವು. ಕೊಡುವ ಕೈಯನ್ನು ಹಿಡಿಯುವುದು ಕಷ್ಟ, ಬಾಗಿಲಿಗೆ ಬೀಗ ಹಾಕುವುದು ಸುಲಭ ಎಂಬ ವ್ಯವಹಾರಜ್ಞಾನ ಅದರ ಹಿಂದಿತ್ತು. ಕಾಲ ಕಳೆದಂತೆ ಮತಗಟ್ಟೆಗಳು ಶಾಲೆ, ಗ್ರಂಥಾಲಯಗಳಿಗೆ ಹೋದವು; ಮತ ಗುಪ್ತವಾಯಿತು; ಒಂದೊಂದಾಗಿ ಈ ಕಾಯಿದೆಗಳು ರದ್ದಾದವು. ಕೊನೆಯವರೆಗೂ ಉಳಿಸಿಕೊಂಡಿದ್ದ ಕೆಂಟಕಿ 2013ರಲ್ಲಿಯೂ ದಕ್ಷಿಣ ಕ್ಯಾರೊಲಿನಾ 2014ರಲ್ಲಿಯೂ ಬಿಟ್ಟುಕೊಟ್ಟವು. ತುರ್ಕಿ, ಥೈಲೆಂಡು, ಫಿಲಿಪೈನ್ಸ್, ಕೊಲಂಬಿಯಾ ಮೊದಲಾದ ದೇಶಗಳಲ್ಲಿ ಚುನಾವಣೆಗೆಂದೇ ಮಾಡಿದ ಇಂಥ ನಿಷೇಧ ಉಂಟು.

ಇನ್ನು ನಮ್ಮ ನಾಡಿಗೆ ಬರೋಣ. ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಮೇರೆಗೆ ಶಾಸನಸಭೆಗಳಿಗೆ ಚುನಾವಣೆ ನಡೆಯಬೇಕಾದಾಗ, 1920ರ ಕಾಯಿದೆಯೊಂದು ಭಾರತೀಯ ದಂಡಸಂಹಿತೆಗೆ ಚುನಾವಣಾಪರಾಧಗಳ ಅಧ್ಯಾಯವನ್ನು ಸೇರಿಸಿತು. ಇಂಗ್ಲೆಂಡಿನ ಸತ್ಕಾರಾಪರಾಧ ಆ ದಾರಿಯಿಂದ ಇಲ್ಲಿಗೆ ಬಂತು: ಅನ್ನ, ಪಾನ, ಮನರಂಜನೆ ಅಥವಾ ಸಾಮಗ್ರಿಯ ರೂಪದ ಲಂಚವೇ ಸತ್ಕಾರ ಎಂಬುದು ಅದರ ವ್ಯಾಖ್ಯೆ. ಒಂದು ವಿಶೇಷವೆಂದರೆ ಇತರ ಲಂಚಕ್ಕೆ ಕಾರಾವಾಸವನ್ನೂ ವಿಧಿಸಬಹುದಾಗಿದ್ದರೆ, ಸತ್ಕಾರರೂಪದ ಲಂಚಕ್ಕೆ ಜುಲ್ಮಾನೆ ಮಾತ್ರ. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಈ ಸೌಮ್ಯಭಾವ ಹಾಗೆಯೇ ಉಳಿದಿದೆ.

ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆ 1951-52ರಲ್ಲಿ ನಡೆಯಿತು. ಗಡಿನಾಡಿನ ಕನ್ನಡಿಗರ ಮಟ್ಟಿಗೆ ಆಗಿನ ಸನ್ನಿವೇಶ ಕುತೂಹಲಕರವಾದುದು. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಇವೆಲ್ಲವೂ ಆಗ ಮದ್ರಾಸು ರಾಜ್ಯದಲ್ಲಿದ್ದವು. ಆ ಪ್ರಾಂತದಲ್ಲಿ ರಾಜಾಜಿಯವರ ಮಂತ್ರಿಮಂಡಲ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿತ್ತು. ಹೊಸೂರು ತಾಲ್ಲೂಕು ಆಗ ಸೇಲಂ ಜಿಲ್ಲೆಗೆ ಸೇರಿದ್ದುದರಿಂದ, ಪ್ರಾಂತದ ಆ ಪ್ರಯೋಗವನ್ನು ಮೊದಲು ಕಂಡವರಲ್ಲಿ ಅಲ್ಲಿಯ ಕನ್ನಡಿಗರೂ ಸೇರಿದ್ದರು. 1948ರ ಅಕ್ಟೋಬರ್ 2ರಿಂದ ಇಡೀ ಮದ್ರಾಸು ಪ್ರಾಂತ ಪಾನನಿರೋಧಕ್ಕೆ ಒಳಪಟ್ಟಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿದ್ದ ಮುಂಬಯಿ ರಾಜ್ಯದಲ್ಲಿಯೂ 1949ರ ಕಾಯಿದೆಯ ಮೇರೆಗೆ ಪಾನನಿರೋಧ ಜಾರಿಗೆ ಬಂದಿತು. ಹೀಗೆ ನಮ್ಮ ಹಿರಿಯರಲ್ಲಿ ಬಹುಮಂದಿ ಮೊದಲ ಬಾರಿಗೆ ಮತಪೆಟ್ಟಿಗೆಯ ಮುಂದೆ ನಿಂತಾಗ, ಮತದಾನಕ್ಕಾಗಿ ಮದ್ಯದಂಗಡಿ ಮುಚ್ಚುವ ಪ್ರಶ್ನೆಯೇ ಇರಲಿಲ್ಲ; ತೆರೆದಿದ್ದ ಅಂಗಡಿಯೇ ಇರಲಿಲ್ಲ.

ಆದರೂ 1951ರ ಕಾಯಿದೆಯನ್ನು ರಚಿಸಿದವರು ಅಷ್ಟರಿಂದ ತೃಪ್ತರಾಗಲಿಲ್ಲ. ಲಂಚವನ್ನು ಭ್ರಷ್ಟಾಚಾರವೆಂದು ಅದು ಘೋಷಿಸಿತು. ಹಣದಲ್ಲಿ ಬೆಲೆಕಟ್ಟುವಂಥದು ಮಾತ್ರವಲ್ಲದೆ ಎಲ್ಲ ಬಗೆಯ ಮನರಂಜನೆಯೂ ಅದರಲ್ಲಿ ಅಡಕ. ಮದ್ಯವಿಲ್ಲದ ನಾಡಿನಲ್ಲಿಯೂ ಸತ್ಕಾರದ ಲಂಚ ನಡೆಯಬಹುದೆಂಬುದನ್ನು ಅವರು ಬಲ್ಲರು. ಪಾನನಿರೋಧ ಬೇರೆ, ಚುನಾವಣೆಯ ನಿಷೇಧ ಬೇರೆ. ಮೊದಲನೆಯದು ಮನುಷ್ಯನ ಆರೋಗ್ಯವನ್ನೂ ಸಂಸಾರವನ್ನೂ ನೋಡುತ್ತದೆ. ಎರಡನೆಯದು ಅವನ ಸ್ವಾತಂತ್ರ್ಯವನ್ನು ನೋಡುತ್ತದೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಎಷ್ಟೋ ಗೊಂದಲ ಹುಟ್ಟುತ್ತದೆ.

ಕಾಲಕ್ರಮದಲ್ಲಿ ಪಾನನಿರೋಧ ಸಡಿಲವಾಯಿತು. ತಮಿಳುನಾಡು 1971ರಲ್ಲಿ ಅದನ್ನು ಮೊದಲ ಬಾರಿಗೆ ಕೈಬಿಟ್ಟಿತು. ಉಳಿದ ಹಲವು ರಾಜ್ಯಗಳೂ ಹಿಂದೆಮುಂದೆ ಅದೇ ಹಾದಿ ಹಿಡಿದವು. ಮದ್ಯದ ಸುಂಕ ಬೊಕ್ಕಸಕ್ಕೆ ಆಧಾರವಾಯಿತು. ಚುನಾವಣೆಯ ರಾತ್ರಿಗಳಲ್ಲಿ ಸಾರಾಯಿ ಹಂಚುವುದು ಹಲವೆಡೆ ರೂಢಿಯಾಯಿತು. ಆದರೆ ಇದೇ ಕಾಲದಲ್ಲಿ ಇದಕ್ಕೆ ಎದುರಾದ ಒಂದು ಘಟನೆಯೂ ನಡೆದಿದೆ. ಉಪಾಧ್ಯಾಯರು ಅದನ್ನು ವಿಶೇಷವಾಗಿ ನೆನೆಯಬೇಕು. 1992ರಲ್ಲಿ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದಲ್ಲಿ, ಸಾಕ್ಷರತಾ ಆಂದೋಲನದ ರಾತ್ರಿಶಾಲೆಗೆ ಬರುತ್ತಿದ್ದ ಬಡ ಹೆಂಗಸರು ಸಾರಾಯಿ ವಿರುದ್ಧವಾದ ಪಾಠ ಓದಿದರು. ಓದಿ ಸುಮ್ಮನಿರದೆ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಚಳವಳಿ ಊರಿಂದೂರಿಗೆ ಹಬ್ಬಿತು. 1993ರ ಅಕ್ಟೋಬರಿನಲ್ಲಿ ಆ ರಾಜ್ಯ ಸಾರಾಯಿಯನ್ನು ನಿಷೇಧಿಸಿತು. 1994ರ ಚುನಾವಣೆಯಲ್ಲಿ ಪಾನನಿರೋಧವೇ ಮುಖ್ಯ ವಾಗ್ದಾನವಾಯಿತು. 1995ರ ಜನವರಿಯಲ್ಲಿ ಅದು ಜಾರಿಗೂ ಬಂತು. 1997ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತೆಂಬುದು ನಿಜ. ಆದರೆ ಮತ ಕೊಳ್ಳುವ ವಸ್ತುವಾಗಿದ್ದ ಸಾರಾಯಿಯನ್ನು ಮತದಿಂದ ತೀರ್ಮಾನಿಸಬೇಕಾದ ಪ್ರಶ್ನೆಯನ್ನಾಗಿ ಮಾಡಿದವರು ಹೊಸದಾಗಿ ಅಕ್ಷರ ಕಲಿತ ಹೆಂಗಸರು ಎಂಬುದನ್ನು ಯಾರೂ ಅಳಿಸಲಾಗದು.

ಆ ಪಾನನಿರೋಧ ಜಾರಿಗೆ ಬಂದ ಮರುವರ್ಷ, 1996ರಲ್ಲಿ, ನಾವು ಆರಂಭದಲ್ಲಿ ನೋಡಿದ 135-ಸಿ ಪ್ರಕರಣ ಬಂದಿತು. ಇಂಗ್ಲೆಂಡಿನ ಹಾದಿಯನ್ನೂ ಅಮೆರಿಕದ ಹಾದಿಯನ್ನೂ ಅದು ಒಂದೇ ವಾಕ್ಯದಲ್ಲಿ ಕೂಡಿಸಿತು: ಅಂಗಡಿಯನ್ನೂ ಮುಚ್ಚಿಸಿತು, ಕೊಡುವ ಹಂಚುವ ಕೈಯನ್ನೂ ತಡೆಯಿತು.

ಗಡಿನಾಡಿನಲ್ಲಿ ಈ ಕಾಯಿದೆಯ ಆಚರಣೆಗೆ ಒಂದು ವಿಚಿತ್ರ ತೊಡಕಿದೆ. ನಿಷೇಧ ಅನ್ವಯಿಸುವುದು ಆಯಾ ಮತದಾನದ ಪ್ರದೇಶಕ್ಕೆ. ಆದರೆ ಗಡಿಯ ಆಚೆಗೂ ಈಚೆಗೂ ಮತದಾನದ ದಿನ ಒಂದೇ ಆಗಿರುವುದಿಲ್ಲ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಹೊಸೂರು, ತಾಳವಾಡಿ, ನೀಲಗಿರಿಗಳಲ್ಲಿ ಏಪ್ರಿಲ್ 19ರಂದು ಮತದಾನ. ನೆರೆಯ ಆನೇಕಲ್ಲು, ಚಾಮರಾಜನಗರಗಳಲ್ಲಿ ಏಪ್ರಿಲ್ 26ರಂದು. ಕಾಸರಗೋಡು, ವಯನಾಡುಗಳಲ್ಲಿಯೂ 26. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗೋವೆಗಳಲ್ಲಿ ಮೇ 7; ಬಳ್ಳಾರಿ, ರಾಯಚೂರು, ಬೀದರುಗಳಲ್ಲಿಯೂ ಅಂದೇ. ಆದರೆ ಬಳ್ಳಾರಿಯ ಮಗ್ಗುಲಿನ ರಾಯದುರ್ಗ, ಆದವಾನಿಗಳಲ್ಲಿಯೂ, ಮಡಕಶಿರಾದಲ್ಲಿಯೂ, ತೆಲಂಗಾಣದ ಪಡುವಣ ಭಾಗದಲ್ಲಿಯೂ ಮೇ 13. ಒಂದೇ ಸಂತೆಗೆ ಹೋಗುವ, ಒಂದೇ ಜಾತ್ರೆಯಲ್ಲಿ ತೇರೆಳೆಯುವ ಜನರಿಗೆ ನಾಲ್ಕು ಬೇರೆ ಬೇರೆ ದಿನಗಳು. ಒಂದು ಕಡೆ ಬೀಗ ಬಿದ್ದಿರುವಾಗ ಹಳ್ಳದಾಚೆ ಅಂಗಡಿ ತೆರೆದಿದ್ದರೆ ಕಾಯಿದೆಗೆ ಅರ್ಥವೇನು? ಈ ಕಾರಣದಿಂದ, ಮತದಾನವಿಲ್ಲದಿದ್ದರೂ ಹೊಂದಿಕೊಂಡಿರುವ ಗಡಿಪ್ರದೇಶಗಳಲ್ಲಿ ಅಂಗಡಿ ಮುಚ್ಚಿಸಿ ಕಳ್ಳಸಾಗಣೆ ತಡೆಯಬೇಕೆಂದು ಚುನಾವಣಾ ಆಯೋಗ ರಾಜ್ಯಗಳಿಗೆ ಸೂಚಿಸುತ್ತದೆ. ಮತ ಎಣಿಕೆಯ ದಿನವೂ ಹೀಗೆಯೇ ಸರ್ಕಾರದ ಆಜ್ಞೆಯ ಮೇರೆಗೆ ಅಂಗಡಿಗಳು ಮುಚ್ಚುತ್ತವೆ. ಗಡಿಯ ಜನರು ಹೀಗೆ ತಮ್ಮ ಚುನಾವಣೆಗೂ ನೆರೆಯವರ ಚುನಾವಣೆಗೂ ಬಾಗಿಲು ಮುಚ್ಚಿದ ಪಡಖಾನೆಯನ್ನು ಕಾಣುತ್ತಾರೆ.

ಇಷ್ಟಾದರೂ ಹಂಚಿಕೆ ನಿಂತಿದೆಯೇ? ಅದೇ 2024ರ ಚುನಾವಣೆಯಲ್ಲಿ, ಇನ್ನೂ ಮೂರು ಹಂತಗಳ ಮತದಾನ ಬಾಕಿಯಿರುವಾಗಲೇ, ದೇಶದಲ್ಲಿ ವಶಪಡಿಸಿಕೊಂಡ ಮದ್ಯ 5 ಕೋಟಿ ಲೀಟರಿಗೂ ಮಿಕ್ಕಿತ್ತೆಂದು ಆಯೋಗ ಪ್ರಕಟಿಸಿತು. ಹಂಚಬೇಕೆನ್ನುವವನು ಮೂರು ವಾರ ಮೊದಲೇ ಕೊಂಡು ಕೊಟ್ಟಿಗೆಯಲ್ಲಿ ಬಚ್ಚಿಡುತ್ತಾನೆ. ಕೊನೆಯ 48 ಗಂಟೆಗಳ ಬೀಗ ಅವನನ್ನು ತಡೆಯಲಾರದು. ಇಂಗ್ಲೆಂಡಿನ 1696ರ ಕಾಯಿದೆಯಲ್ಲಿದ್ದ ಬಿರುಕೂ ಇಂಥದೇ ಅಲ್ಲವೇ? ಅಲ್ಲಿ ಆಜ್ಞಾಪತ್ರ ಹೊರಡುವ ಮೊದಲು ಕೊಟ್ಟರು. ಇಲ್ಲಿ 48 ಗಂಟೆಗಳು ಆರಂಭವಾಗುವ ಮೊದಲು ಕೊಳ್ಳುತ್ತಾರೆ. ಬೀಗ ವ್ಯರ್ಥವೆಂದು ಇದರ ಅರ್ಥವಲ್ಲ. ಕೂಲಿಯವನ ಕೈಗೆ ಕೊನೆಯ ಗಳಿಗೆಯಲ್ಲಿ ಸಿಗುವುದನ್ನು ಅದು ತಡೆಯುತ್ತದೆ. ಮತಗಟ್ಟೆಗೆ ಹೋಗುವ ಹೆಂಗಸರ ದಾರಿಯನ್ನು ಶಾಂತವಾಗಿಡುತ್ತದೆ. ಆದರೆ ಅಂಗಡಿಯ ಬೀಗವನ್ನು ನೋಡಿ, ಕೊಡುವ ಹಂಚುವ ಕೈಗೂ ಬೇಡಿ ಬಿತ್ತೆಂದು ತಿಳಿಯಬಾರದು.

ಉಳಿಯುವುದು ಒಂದು ಸೂಕ್ಷ್ಮವಾದ ಪ್ರಶ್ನೆ. ನಮ್ಮಲ್ಲಿ ಮತ ಮೊದಲ ದಿನದಿಂದಲೂ ಗುಪ್ತ. ಯಾರು ಯಾರಿಗೆ ಹಾಕಿದರೆಂಬುದು ಯಾರಿಗೂ ತಿಳಿಯದು. ಹಾಗಿದ್ದ ಮೇಲೆ ಹಂಚುವವನು ಯಾವ ಭರವಸೆಯಿಂದ ಹಂಚುತ್ತಾನೆ? ಉತ್ತರ ಮನಸ್ಸನ್ನು ಕಲಕುತ್ತದೆ. ಅವನು ನೆಚ್ಚುವುದು ಬಡವನ ದೌರ್ಬಲ್ಯವನ್ನಲ್ಲ, ಬಡವನ ಪ್ರಾಮಾಣಿಕತೆಯನ್ನು. ಕೊಂಡ ಮೇಲೆ ತೀರಿಸಬೇಕು, ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಂಬಿ ಬದುಕಿದ ಮನುಷ್ಯ, ಮರೆಯೊಳಗೆ ಒಬ್ಬನೇ ನಿಂತಾಗಲೂ ಆ ಋಣವನ್ನು ನೆನೆಯುತ್ತಾನೆಂಬುದೇ ಅವನ ಲೆಕ್ಕಾಚಾರ. ಮೋಸಗಾರನಿಗೆ ಹಂಚಿದರೆ ಲಾಭವಿಲ್ಲ. ಋಣಭೀರುವಿಗೆ ಹಂಚಿದರೆ ಮಾತ್ರ ಲಾಭ. ಒಂದು ಸಮಾಜದ ಸದ್ಗುಣವೇ ಅದರ ಸ್ವಾತಂತ್ರ್ಯಕ್ಕೆ ಬಲೆಯಾಗುವ ಈ ದುರಂತವನ್ನು ಯಾವ ಬೀಗವೂ ತಪ್ಪಿಸಲಾರದು.

ಅದನ್ನು ತಪ್ಪಿಸಬಲ್ಲುದು ತಿಳಿವಳಿಕೆ ಒಂದೇ. ಋಣವೆಂಬುದು ತನ್ನದನ್ನು ಕೊಟ್ಟವನಿಗೆ ಸಲ್ಲಬೇಕು. ನಮ್ಮ ಹಕ್ಕನ್ನು ಕಸಿಯಲು ಕೊಟ್ಟವನಿಗೆ ಸಲ್ಲಬೇಕಾದ ಋಣ ಯಾವುದೂ ಇಲ್ಲ. ಮತ ಮತದಾರನೊಬ್ಬನ ಸ್ವತ್ತೂ ಅಲ್ಲ. ಅದರ ಫಲವನ್ನು ಅವನ ಹೆಂಡತಿ, ಮಕ್ಕಳು, ನೆರೆಯವರು ಐದು ವರ್ಷ ಉಣ್ಣಬೇಕು. ಹತ್ತು ಜನರ ಸ್ವತ್ತನ್ನು ಒಬ್ಬನ ಋಣಕ್ಕೆ ಜಮೆ ಕಟ್ಟುವ ಅಧಿಕಾರ ಯಾರಿಗುಂಟು? ದೂಬಗುಂಟದ ಹೆಂಗಸರು ರಾತ್ರಿಶಾಲೆಯ ಪಾಠದಿಂದ ಕಲಿತದ್ದು ಇದನ್ನೇ. ಪೊಲೀಸರ ಬೀಗ 48 ಗಂಟೆಗಳ ಮೇಲೆ ತೆರೆಯುತ್ತದೆ. ಪಾಠಶಾಲೆಯಲ್ಲಿ ಮಗುವಿನ ಮನಸ್ಸಿಗೆ ಹಿಡಿದ ತಿಳಿವು ಅವಧಿ ಮುಗಿದು ತೆರೆಯುವಂಥದಲ್ಲ. ಮತದಾನದ ದಿನ ಶಾಲೆಯ ಬಾಗಿಲು ತೆರೆದಿರುತ್ತದೆಂಬುದು ಸ್ಥಳಾನುಕೂಲದ ಮಾತಾಗಿ ಮಾತ್ರ ಉಳಿಯಬಾರದು. ಉಳಿದ ದಿನಗಳಲ್ಲಿ ಆ ಬಾಗಿಲೊಳಗೆ ನಡೆಯುವ ಕೆಲಸದ ಮೇಲೆಯೇ ಆ ಒಂದು ದಿನದ ಫಲ ನಿಂತಿದೆ.